ಮೆಚ್ಚಿನ ಸಂಬಾರವೂ ಒಲ್ಲದ ಸಂಬಾರವೂ: ಗೋಕುಲಂ ಬಡಾವಣೆಯ ಅಡಿಗೆಮನೆಗಳನ್ನು ಕುರಿತು ಒಂದು ವಿಚಾರ

ರುಚಿಯ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲವೆಂದು ಸಾಮಾನ್ಯವಾಗಿ ಹೇಳುವುದುಂಟು. ಒಬ್ಬರಿಗೆ ಇಂಗಿನ ಒಗ್ಗರಣೆಯಿಲ್ಲದೆ ಸಾರು ಸೇರದು. ಮತ್ತೊಬ್ಬರಿಗೆ ಇಂಗಿನ ವಾಸನೆ ಬಂದ ಕೂಡಲೆ ಊಟ ಸಾಕಾಗುವುದು. ಇಂತಹ ಇಷ್ಟಾನಿಷ್ಟಗಳು ಅವರವರ ನಾಲಗೆಗೆ ಸಂಬಂಧಪಟ್ಟವು, ಇವುಗಳಲ್ಲಿ ವ್ಯವಸಾಯದ ಪತ್ರಿಕೆಯು ತಲೆಹಾಕತಕ್ಕ ಕಾರಣವಿಲ್ಲವೆಂದು ಯಾರಾದರೂ ಹೇಳಬಹುದು. ಆದರೆ ಅಡಿಗೆಮನೆಯಲ್ಲಿ ಬೇಡವಾದುದು ಸಂತೆಯಲ್ಲಿ ಉಳಿಯುತ್ತದೆ. ಸಂತೆಯಲ್ಲಿ ಉಳಿದುದನ್ನು ರೈತನು ಮರುವರ್ಷ ಬಿತ್ತುವುದಿಲ್ಲ. ಹೀಗೆ ನಾಲಗೆಯ ತೀರ್ಮಾನವು ಹೊಲದವರೆಗೂ ಹೋಗುವುದರಿಂದ, ಆ ತೀರ್ಮಾನವು ಯಾವ ಆಧಾರದ ಮೇಲೆ ನಿಂತಿದೆಯೆಂಬುದನ್ನು ವಿಚಾರಮಾಡುವುದು ಬೆಳೆಯುವವರಿಗೂ ಕೊಳ್ಳುವವರಿಗೂ ಉಪಯುಕ್ತವೇ ಆಗಿದೆ. ವಿಚಾರಮಾಡಿ ನೋಡಿದಲ್ಲಿ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಜನರು ತಾವು ಬಹಳವಾಗಿ ಮೆಚ್ಚುವ ಸೊಪ್ಪಿಗೆ ಸರಿಯಾದ ಬೆಲೆಯನ್ನು ಕೊಡುತ್ತಿಲ್ಲ. ಒಲ್ಲೆವೆಂದು ದೂರವಿಡುವ ಸಂಬಾರವನ್ನು ಅನೇಕವೇಳೆ ಅದರ ಒಳ್ಳೆಯ ಸ್ಥಿತಿಯಲ್ಲಿ ರುಚಿನೋಡಿಯೇ ಇರುವುದಿಲ್ಲ.

ಈ ವಿಚಾರಕ್ಕೆ ಮೈಸೂರು ನಗರದ ವಾಯವ್ಯ ಭಾಗದಲ್ಲಿರುವ ಗೋಕುಲಂ ಬಡಾವಣೆಯು ಒಳ್ಳೆಯ ನಿದರ್ಶನವಾಗಿದೆ. ಒಂಟಿಕೊಪ್ಪಲು, ಜಯಲಕ್ಷ್ಮೀಪುರಂಗಳ ನೆರೆಯಲ್ಲಿರುವ ಈ ಬಡಾವಣೆಯಲ್ಲಿ ಹಿಂದಿನಿಂದ ವಾಸವಾಗಿರುವ ಸಂಸಾರಗಳಿವೆ; ಉದ್ಯೋಗದ ನಿಮಿತ್ತ ಮಲೆನಾಡಿನಿಂದಲೂ ಕರಾವಳಿಯಿಂದಲೂ ಧಾರವಾಡದ ಕಡೆಯಿಂದಲೂ ಬಂದು ನೆಲೆಸಿದವರಿದ್ದಾರೆ. ಯೋಗಾಚಾರ್ಯ ಕೆ. ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನಲ್ಲಿ ಬಹುಕಾಲ ಪಾಠ ಹೇಳುತ್ತಿದ್ದು, 2002ರಲ್ಲಿ ತಮ್ಮ ಯೋಗಶಾಲೆಯನ್ನು ಗೋಕುಲಂಗೆ ಬದಲಾಯಿಸಿದರು. ಅಂದಿನಿಂದ ಯೂರೋಪು, ಅಮೆರಿಕ, ಜಪಾನು ಮೊದಲಾದ ದೇಶಗಳ ವಿದ್ಯಾರ್ಥಿಗಳು ಇಲ್ಲಿನ ಮನೆಗಳಲ್ಲಿ ತಿಂಗಳುಗಟ್ಟಲೆ ಬಿಡಾರಮಾಡಿಕೊಂಡಿರುವುದು ವಾಡಿಕೆಯಾಗಿದೆ. ಆದಕಾರಣ ಒಂದೇ ಬೀದಿಯಲ್ಲಿ ನಾಲ್ಕು ಸೀಮೆಯ ಒಗ್ಗರಣೆಯೂ ನಾಲ್ಕು ಖಂಡಗಳ ನಾಲಗೆಯೂ ಒಟ್ಟುಗೂಡಿವೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯವೂ ಇಲ್ಲಿಗೆ ದೂರವೇನಲ್ಲ. ಸಂಬಾರಗಳ ಗುಣದೋಷಗಳನ್ನು ಚರ್ಚಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ನೆರೆಹೊರೆಯನ್ನು ಹುಡುಕುವುದು ಕಷ್ಟ.

ಮೆಚ್ಚಿನವುಗಳಲ್ಲಿ ಮೊದಲನೆಯ ಸ್ಥಾನವು ಕರಿಬೇವಿಗೆ ಸಲ್ಲತಕ್ಕದ್ದು. ಏಲಕ್ಕಿಯ ಘನತೆ ಹೆಚ್ಚಿನದೇ, ಜೀರಿಗೆಯ ಉಪಯೋಗವೂ ದೊಡ್ಡದೇ. ಆದರೆ ಏಲಕ್ಕಿಯಿಲ್ಲದೆ ಒಂದು ವಾರ ಕಳೆಯಬಹುದು, ಕರಿಬೇವಿಲ್ಲದೆ ಮೈಸೂರು ಸೀಮೆಯ ಅಡಿಗೆಯು ಒಂದು ದಿನವೂ ಸಾಗದು. ಹೆಸರಿನಲ್ಲಿ ಬೇವು ಸೇರಿದ್ದರೂ ಇದು ಬೇವಿನ ಕುಲದ ಮರವಲ್ಲ. ನಿಂಬೆ, ಕಿತ್ತಲೆ, ಬಿಲ್ವಗಳ ಕುಲಕ್ಕೆ ಸೇರಿದುದು. ಎಲೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚುಕ್ಕೆಗಳು ಕಾಣುವುವು. ಅವೇ ಸುಗಂಧ ತೈಲದ ಕೋಶಗಳು. ಕಾದ ಎಣ್ಣೆಗೆ ಎಲೆ ಬಿದ್ದಾಗ ಆ ಕೋಶಗಳು ಒಡೆದು ತೈಲವು ಎಣ್ಣೆಯೊಡನೆ ಬೆರೆಯುತ್ತದೆ. ಚಟಪಟ ಶಬ್ದವಾದ ಕ್ಷಣದಲ್ಲಿ ಪರಿಮಳವು ನಡುಮನೆಯವರೆಗೂ ಹರಡುವುದು ಇದರಿಂದಲೇ. ಒಣಗಿಸಿಟ್ಟ ಎಲೆಯಲ್ಲಿ ಈ ಗುಣವು ಬಹುಮಟ್ಟಿಗೆ ನಷ್ಟವಾಗುತ್ತದೆ. ಧನಿಯ, ಮೆಣಸುಗಳನ್ನು ಡಬ್ಬದಲ್ಲಿ ತುಂಬಿ ದೂರದೇಶಕ್ಕೆ ಕಳುಹಿಸಬಹುದು; ಕರಿಬೇವನ್ನಾದರೋ ಹಸಿಯಾಗಿಯೇ ಉಪಯೋಗಿಸಬೇಕು. ಆದುದರಿಂದ ಮರವು ಮನೆಗೆ ಎಷ್ಟು ಸಮೀಪದಲ್ಲಿದ್ದರೆ ಅಷ್ಟು ಒಳ್ಳೆಯದು.

ಇಷ್ಟು ಮೆಚ್ಚಿನ ಎಲೆಗೆ ಪೇಟೆಯಲ್ಲಿ ಸಿಕ್ಕುವ ಮರ್ಯಾದೆ ಯಾವುದು? ತರಕಾರಿ ಕೊಂಡವರು ಚೀಲವನ್ನು ಕಟ್ಟುವ ಮುನ್ನ ಕೈಚಾಚಿ, ಒಂದು ಎಳೆ ಕರಿಬೇವನ್ನೂ ನಾಲ್ಕು ಕಡ್ಡಿ ಕೊತ್ತಂಬರಿಯನ್ನೂ ಕೊಸರಾಗಿ ಕೇಳುವುದು ಹಿಂದಿನಿಂದ ಬಂದಿರುವ ಪದ್ಧತಿ. ಗೆಡ್ಡೆಕೋಸಿಗೆ ಹಣ, ಹುರುಳಿಕಾಯಿಗೆ ಹಣ. ಕರಿಬೇವಿಗೆ ಮಾತ್ರ ವ್ಯಾಪಾರಿಯ ದಾಕ್ಷಿಣ್ಯ. ಕೊಡದಿದ್ದ ವ್ಯಾಪಾರಿಯು ಜುಗ್ಗನೆನಿಸಿಕೊಳ್ಳುತ್ತಾನೆ. ಹೀಗೆ ಉಚಿತವಾಗಿ ಬಂದ ಎಲೆಯನ್ನು ಊಟದ ಹೊತ್ತಿಗೆ ಬಾಳೆಲೆಯ ಅಂಚಿಗೆ ಸರಿಸುವುದೂ ಪದ್ಧತಿಯೇ ಆಗಿದೆ. ಕೆಲಸ ತೀರಿದ ಮೇಲೆ ದೂರಸರಿಸಲ್ಪಟ್ಟ ಮನುಷ್ಯನನ್ನು ಒಗ್ಗರಣೆಯ ಕರಿಬೇವಿಗೆ ಹೋಲಿಸುವವರು ಆ ಹೋಲಿಕೆಯಲ್ಲಿ ರೈತನಿಗೂ ಒಂದು ಪಾಲಿದೆಯೆಂಬುದನ್ನು ನೆನೆಯುವುದಿಲ್ಲ. ಕೊಸರು ವ್ಯಾಪಾರಿಗೆ ಉಚಿತವಾಗಿ ಬಂದುದಲ್ಲ. ಅವನು ಸಗಟಿನಲ್ಲಿ ಹಣಕೊಟ್ಟೇ ಕಂತೆಯನ್ನು ತಂದಿರುತ್ತಾನೆ. ಹಿಂದಿರುಗಿ ಬಾರದ ಹಣವಾದುದರಿಂದ ಆದಷ್ಟು ಅಗ್ಗವಾದುದನ್ನು ಹುಡುಕುತ್ತಾನೆ. ಬೆಳೆಗಾರನೂ ಆ ಅಗ್ಗದ ಬೆಲೆಗೆ ತಕ್ಕ ಬೇಸಾಯವನ್ನೇ ಮಾಡುತ್ತಾನೆ. ಹೀಗಿರುವಲ್ಲಿ ಎಲೆಯು ಹೇಗೆ ಬೆಳೆಯಿತು, ಅದಕ್ಕೆ ಏನನ್ನು ಸಿಂಪಡಿಸಲಾಯಿತು ಎಂದು ಕೇಳುವ ಹಕ್ಕು ಕೊಸರು ಕೇಳಿದವರಿಗೆ ಎಷ್ಟರಮಟ್ಟಿಗೆ ಉಳಿಯುತ್ತದೆ?

ಸಿಂಪಡಣೆಯ ಮಾತು ಸುಮ್ಮನೆ ಬಂದುದಲ್ಲ. ಕರಿಬೇವು ನಿಂಬೆಯ ಕುಲದ್ದಾದುದರಿಂದ ನಿಂಬೆಯ ಶತ್ರುಗಳೇ ಇದಕ್ಕೂ ಶತ್ರುಗಳು. ಸಿಲ್ಲಿಡ್ ಎಂಬ ಸಣ್ಣ ಜಿಗಿಯುವ ಕೀಟವು ಚಿಗುರಿನ ರಸವನ್ನು ಹೀರಿ ಎಲೆಯನ್ನು ಮುರುಟಿಸುತ್ತದೆ. ಇದೇ ಕೀಟವು ಕಿತ್ತಲೆ ಜಾತಿಯ ಗಿಡಗಳಿಗೆ ಹಸುರುಕಾಯಿ ರೋಗವನ್ನು ಹರಡುವುದರಿಂದ ಅನ್ಯದೇಶಗಳಲ್ಲಿ ಕರಿಬೇವಿನ ಗಿಡವನ್ನೇ ಸಂಶಯದಿಂದ ನೋಡುತ್ತಾರೆ. ನಿಂಬೆ ಚಿಟ್ಟೆಯ ಹುಳುಗಳೂ ಎಲೆಯನ್ನು ತಿನ್ನುವುವು. ಸೊಪ್ಪನ್ನೇ ಮಾರಬೇಕಾದ ಬೆಳೆಗಾರನಿಗೆ ತೂತುಬಿದ್ದ ಎಲೆಯು ನಷ್ಟ. ಅವನು ಔಷಧವನ್ನು ಹೊಡೆಯುತ್ತಾನೆ. ಔಷಧ ಹೊಡೆದುದೇ ಅಪರಾಧವಲ್ಲ. ಹೊಡೆದ ಮೇಲೆ ಅದರ ಶಕ್ತಿ ಅಡಗುವವರೆಗೆ ಕಾಯದೆ ಕೊಯ್ದು ಪೇಟೆಗೆ ಕಳುಹಿಸುವುದು ಅಪರಾಧ. ಬದನೆಕಾಯಿಯನ್ನು ತೊಳೆದು ತೊಟ್ಟು ತೆಗೆಯಬಹುದು. ಕರಿಬೇವಿನಲ್ಲಿ ತಿನ್ನುವ ಭಾಗವೂ ಸಿಂಪಡಣೆ ಬೀಳುವ ಭಾಗವೂ ಒಂದೇ. ಯೂರೋಪಿನ ಒಕ್ಕೂಟದವರು 2010ರ ದಶಕದಲ್ಲಿ ಭಾರತದಿಂದ ಬರುವ ಹಸಿ ಕರಿಬೇವನ್ನು ಕೀಟನಾಶಕಗಳ ಶೇಷದ ಕಾರಣದಿಂದ ವಿಶೇಷ ತಪಾಸಣೆಯ ಪಟ್ಟಿಗೆ ಸೇರಿಸಿದರು. ಹೊರದೇಶದ ಬಂದರಿನಲ್ಲಿ ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಲ್ಪಡುವ ಎಲೆಯು ಸ್ವದೇಶದ ಬೀದಿಗಾಡಿಯಲ್ಲಿ ಯಾವ ಪ್ರಶ್ನೆಯೂ ಇಲ್ಲದೆ ಚೀಲಕ್ಕೆ ಬೀಳುತ್ತದೆ.

ಇದಕ್ಕೆ ಹತ್ತಿರದ ಪರಿಹಾರವು ಗೋಕುಲಂನ ಹಿತ್ತಿಲುಗಳಲ್ಲಿಯೇ ಇದೆ, ಅಥವಾ ಇದ್ದಿತು ಎಂದು ಹೇಳಬೇಕಾಗಿದೆ. ಹಳೆಯ ಮನೆಗಳ ಹಿಂದೆ ಬಚ್ಚಲ ನೀರು ಹರಿಯುವ ಕಡೆ ಒಂದು ಕರಿಬೇವಿನ ಮರ, ಎರಡು ಬಾಳೆ, ಒಂದು ದಾಸವಾಳ ಇರುವುದು ಸಾಮಾನ್ಯವಾಗಿತ್ತು. ಮನೆಗಳನ್ನು ಕೆಡವಿ ಮಹಡಿಗಳನ್ನು ಕಟ್ಟುವಾಗ ಮೊದಲು ಹೋಗುವುದು ಹಿತ್ತಿಲು. ಉಳಿದ ನಾಲ್ಕಡಿ ಜಾಗಕ್ಕೂ ಗಾರೆ ಬಳಿದು ಮೋಟಾರುಗಳನ್ನು ನಿಲ್ಲಿಸುತ್ತಾರೆ. ಮರ ಕಡಿದ ಮನೆಯವರೇ ಮರುದಿನದಿಂದ ಗಾಡಿಯವನೊಡನೆ ಕೊಸರಿಗೆ ವಾದಿಸಬೇಕಾಗುತ್ತದೆ. ಆದರೂ ಕರಿಬೇವು ಬಹಳ ಜಾಗವನ್ನು ಬೇಡುವ ಮರವಲ್ಲ. ಬಿಸಿಲು ಬೀಳುವ ಕಡೆ ಒಂದೂವರೆ ಅಡಿ ಚದರದ ಗುಂಡಿಯನ್ನು ತೋಡಿ, ಗಾರೆಚೂರುಗಳನ್ನು ಆರಿಸಿ ಹೊರಹಾಕಿ, ಕೊಳೆತ ಕೊಟ್ಟಿಗೆಗೊಬ್ಬರವನ್ನು ಮೇಲ್ಮಣ್ಣಿನೊಡನೆ ಬೆರೆಸಿ ತುಂಬಿದರೆ ಸಾಕು. ಗಾರೆಚೂರಿನ ಸುಣ್ಣದ ಅಂಶವು ಹೆಚ್ಚಾದಲ್ಲಿ ಗಿಡಕ್ಕೆ ಕಬ್ಬಿಣದ ಸಾರವು ದೊರೆಯದೆ ಚಿಗುರು ಹಳದಿಯಾಗುವುದು. ಹುಳಿಮಜ್ಜಿಗೆ ಹಾಕಿದರೆ ಗಿಡ ಹಸುರಾಗುವುದೆಂಬ ಮನೆಮಾತು ಬಹಳ ಕಡೆ ಪ್ರಚಾರದಲ್ಲಿದೆ. ಅದರಿಂದ ಹಾನಿಯಿಲ್ಲ, ಆದರೆ ಗೊಬ್ಬರವನ್ನು ಹಾಕದೆ ಮಜ್ಜಿಗೆಯನ್ನೇ ನಂಬಿದವರಿಗೆ ಸೊಪ್ಪು ಸಿಕ್ಕುವುದೂ ಮಜ್ಜಿಗೆಯ ಪ್ರಮಾಣದಲ್ಲಿಯೇ.

ಬೀಜದಿಂದ ಬೆಳೆಸುವವರು ಒಂದು ಸಂಗತಿಯನ್ನು ಮರೆಯಬಾರದು. ಕರಿಬೇವಿನ ಬೀಜವು ಒಣಗಿಸಿ ಕೂಡಿಡತಕ್ಕ ಬೀಜವಲ್ಲ. ಕಪ್ಪಾಗಿ ಮಾಗಿದ ಹಣ್ಣಿನ ತಿರುಳನ್ನು ತೊಳೆದು ಕೂಡಲೆ ಬಿತ್ತಬೇಕು. ಕೆಲವು ವಾರ ಕಳೆದರೆ ಮೊಳೆಯುವ ಶಕ್ತಿಯು ಹೋಗುವುದು. ದೊಡ್ಡ ಮರದ ಬೇರಿನಿಂದ ಏಳುವ ಕಂದುಗಳನ್ನು ಮಳೆಗಾಲದಲ್ಲಿ ಬೇರುಸಹಿತ ಬಿಡಿಸಿ ನೆಡುವುದು ಮತ್ತೊಂದು ಕ್ರಮ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಪರಿಮಳವುಳ್ಳ ಮರಗಳನ್ನು ಆಯ್ದು ಧಾರವಾಡ-1, ಧಾರವಾಡ-2 ಎಂಬ ತಳಿಗಳನ್ನು ಬಳಕೆಗೆ ತಂದಿದ್ದಾರೆ. ಅಂತಹ ಗಿಡ ದೊರೆತಲ್ಲಿ ಅದನ್ನೇ ನೆಡುವುದು ಲೇಸು. ಗಿಡವು ಸೊಂಟದೆತ್ತರಕ್ಕೆ ಬಂದಾಗ ತುದಿಯನ್ನು ಚಿವುಟಿದರೆ ಸುತ್ತಲೂ ರೆಂಬೆಯೊಡೆಯುವುದು. ಎಲೆಯನ್ನು ಬಿಡಿಬಿಡಿಯಾಗಿ ಕಿತ್ತು ಕಡ್ಡಿಯನ್ನು ಬೋಳಾಗಿ ಬಿಡುವುದಕ್ಕಿಂತ ಕಡ್ಡಿಸಹಿತ ಕತ್ತರಿಸುವುದರಿಂದ ಹೊಸ ಚಿಗುರು ಬೇಗ ಬರುತ್ತದೆ. ಸಿಲ್ಲಿಡ್ ಕೀಟ ಕಂಡಲ್ಲಿ ಮುರುಟಿದ ತುದಿಗಳನ್ನು ಕತ್ತರಿಸಿ ಸುಡುವುದೂ, ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ಎರಚುವುದೂ ಮನೆಯ ಮರಕ್ಕೆ ಸಾಕಾಗುತ್ತದೆ. ಚಿಟ್ಟೆಯ ಹುಳುಗಳಿಗೆ ಒಂದೆರಡು ಕಡ್ಡಿಗಳನ್ನು ಬಿಟ್ಟುಕೊಟ್ಟರೂ ಮನೆಯವರಿಗೆ ಕೊರತೆಯಾಗದು.

ಹಿತ್ತಿಲೇ ಇಲ್ಲದ ಮಹಡಿಮನೆಯವರು ಎಲೆಯನ್ನು ಕೊಳ್ಳದೆ ವಿಧಿಯಿಲ್ಲ. ಅವರು ಕೊಸರು ಕೇಳುವುದನ್ನು ಬಿಟ್ಟು ತೂಕಕ್ಕೆ ಹಣಕೊಟ್ಟು ಕೊಳ್ಳುವ ಅಭ್ಯಾಸ ಮಾಡಿಕೊಳ್ಳಬೇಕು. ಹಣ ಕೊಟ್ಟವರು ಎಲ್ಲಿ ಬೆಳೆದುದೆಂದು ಕೇಳುತ್ತಾರೆ. ಕೇಳುವವರಿದ್ದರೆ ವ್ಯಾಪಾರಿಯು ಬೆಳೆಗಾರನನ್ನು ಕೇಳುತ್ತಾನೆ. ಮೈಸೂರಿನ ಸುತ್ತಣ ಗ್ರಾಮಗಳಲ್ಲಿ ಐದಾರು ಗುಂಟೆ ನೀರಾವರಿ ಜಮೀನುಳ್ಳ ಸಣ್ಣ ಹಿಡುವಳಿದಾರರಿಗೆ ಕಟಾವಿನ ನಡುವಣ ಅಂತರವನ್ನು ಪಾಲಿಸಿ ಬೆಳೆದ ಕರಿಬೇವು ಆಗ ಒಂದು ಆದಾಯವಾದೀತು.

ಇನ್ನು ಒಲ್ಲದವುಗಳ ಮಾತು. ಇಲ್ಲಿ ಮೊದಲು ಕೊತ್ತಂಬರಿ ಸೊಪ್ಪನ್ನು ತೆಗೆದುಕೊಳ್ಳಬೇಕು. ಏಕೆಂದರೆ ಇದು ಗೋಕುಲಂನ ಒಂದು ಮನೆಯಲ್ಲಿ ಅಚ್ಚುಮೆಚ್ಚಾಗಿದ್ದು, ಗೋಡೆಯಾಚೆಯ ಮನೆಯ ವಿದೇಶೀಯ ಅತಿಥಿಗೆ ಸಾಬೂನಿನಂತೆ ತೋರಬಹುದು. ಹಾಗೆ ಹೇಳುವವರು ನಟನೆಮಾಡುತ್ತಿಲ್ಲ. ಕೊತ್ತಂಬರಿ ಎಲೆಯ ವಾಸನೆಗೆ ಕಾರಣವಾದ ಆಲ್ಡಿಹೈಡುಗಳೆಂಬ ದ್ರವ್ಯಗಳು ಸಾಬೂನಿನಲ್ಲಿಯೂ ಕೆಲವು ತಿಗಣೆ ಜಾತಿಯ ಕೀಟಗಳಲ್ಲಿಯೂ ಉಂಟು. 2012ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಈ ವಾಸನೆಯನ್ನು ಸಾಬೂನಿನಂತೆ ಗ್ರಹಿಸುವವರ ವಂಶವಾಹಿಗಳಲ್ಲಿ ಮೂಗಿನ ಗ್ರಾಹಕವೊಂದರ ಸಮೀಪದಲ್ಲಿ ಒಂದು ವ್ಯತ್ಯಾಸವು ಕಂಡುಬಂದಿತು. ಅದೇ ವರ್ಷ ಕೆನಡಾದಲ್ಲಿ ನಾನಾ ಮೂಲದ ತರುಣರನ್ನು ವಿಚಾರಿಸಿದಾಗ ಪೂರ್ವ ಏಷ್ಯದವರಲ್ಲಿ ನೂರಕ್ಕೆ 21 ಮಂದಿಯೂ ಯೂರೋಪಿನ ಮೂಲದವರಲ್ಲಿ 17 ಮಂದಿಯೂ ದಕ್ಷಿಣ ಏಷ್ಯದವರಲ್ಲಿ 7 ಮಂದಿಯೂ ಈ ಸೊಪ್ಪನ್ನು ಒಲ್ಲೆವೆಂದರು. ಹುಟ್ಟಿನಿಂದ ಬಂದ ವ್ಯತ್ಯಾಸವು ಅಲ್ಪಭಾಗ ಮಾತ್ರವೆಂದೂ ಉಳಿದುದು ಅಭ್ಯಾಸದಿಂದ ಬರುವುದೆಂದೂ ತೋರುತ್ತದೆ. ಸೊಪ್ಪನ್ನು ಅರೆದು ಚಟ್ನಿಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಆ ದ್ರವ್ಯಗಳು ಒಡೆದು ವಾಸನೆ ತಗ್ಗುವುದು. ಅತಿಥಿಗಳಿಗೆ ಊಟವಿಡುವ ಮನೆಯವರಿಗೆ ಈ ಒಂದು ವಿಷಯ ತಿಳಿದಿದ್ದರೆ ಸಾಕು. ಬೀಜವಾದ ಧನಿಯದಲ್ಲಿ ವಾಸನೆಯೇ ಬೇರೆ. ಸೊಪ್ಪನ್ನು ಸೇರದವರಲ್ಲಿ ಅನೇಕರು ಧನಿಯದ ಸಾರನ್ನು ಸಂತೋಷದಿಂದ ಉಣ್ಣುತ್ತಾರೆ.

ಸಬ್ಬಸಿಗೆಯ ಕಥೆ ಇದಕ್ಕೆ ತಿರುವುಮುರುವಾಗಿದೆ. ಉತ್ತರ ಯೂರೋಪಿನಿಂದ ಬಂದವರು ಈ ಸೊಪ್ಪನ್ನು ಕಂಡರೆ ಊರಿನ ನೆಂಟರನ್ನು ಕಂಡಂತೆ ಹಿಗ್ಗುತ್ತಾರೆ. ಸ್ವೀಡನ್ನು, ರಷ್ಯ ಮೊದಲಾದ ಕಡೆಗಳಲ್ಲಿ ಬೇಯಿಸಿದ ಆಲೂಗೆಡ್ಡೆಯ ಮೇಲೆ ಇದನ್ನೇ ಉದುರಿಸುವ ವಾಡಿಕೆಯುಂಟು. ಮೈಸೂರಿನ ಮಕ್ಕಳಾದರೋ ಅಕ್ಕಿರೊಟ್ಟಿಯಲ್ಲಿ ಸಬ್ಬಸಿಗೆ ಕಂಡರೆ ರೊಟ್ಟಿಯನ್ನೇ ದೂರ ಸರಿಸುತ್ತಾರೆ. ದೊಡ್ಡವರಲ್ಲಿಯೂ ಇದನ್ನು ಔಷಧದ ವಾಸನೆಯೆಂದು ಮೂಗುಮುರಿಯುವವರು ಕಡಮೆಯಲ್ಲ. ಸೊಪ್ಪುಗಳ ಪೈಕಿ ಅತ್ಯಂತ ತಿರಸ್ಕೃತವಾದುದು ಯಾವುದೆಂದು ಕೇಳಿದರೆ ಮೈಸೂರು ಸೀಮೆಯಲ್ಲಿ ಸಬ್ಬಸಿಗೆಗೇ ಹೆಚ್ಚು ಮತಗಳು ಬೀಳಬಹುದು.

ಈ ತಿರಸ್ಕಾರವು ನ್ಯಾಯವಾದುದಲ್ಲ. ಬಾಣಂತಿಯರಿಗೆ ಸಬ್ಬಸಿಗೆಯ ಪಲ್ಯವನ್ನು ಕೊಡುವುದು ಹಿಂದಿನವರ ಪದ್ಧತಿ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಉಂಡ ಆಹಾರದ ವಾಸನೆಯು ಶಿಶುವಿನ ಅಭಿರುಚಿಯನ್ನು ತಿದ್ದುತ್ತದೆಂಬುದು ಈಚೆಗೆ ವಿಜ್ಞಾನಿಗಳ ಪರೀಕ್ಷೆಗೂ ಒಳಗಾಗಿದೆ. ಫ್ರಾನ್ಸಿನಲ್ಲಿ 2000ದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗರ್ಭಕಾಲದಲ್ಲಿ ಸೋಂಪಿನಂತಹ ವಾಸನೆಯುಳ್ಳ ಆಹಾರವನ್ನು ತಿಂದ ತಾಯಂದಿರ ಶಿಶುಗಳು ಹುಟ್ಟಿದ ಕೂಡಲೆ ಆ ವಾಸನೆಯ ಕಡೆಗೆ ತಿರುಗಿದುವು. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಪರೀಕ್ಷೆಯು ಕ್ಯಾರೆಟ್ಟಿನ ರಸದ ವಿಷಯದಲ್ಲಿ ಇದನ್ನೇ ತೋರಿಸಿತು. ಸಬ್ಬಸಿಗೆಯು ಸೋಂಪಿನ ದಾಯಾದಿಯೇ. ಬಾಣಂತಿಯ ತಟ್ಟೆಯಿಂದ ಸಬ್ಬಸಿಗೆ ಮಾಯವಾದ ಮನೆಯಲ್ಲಿ ಐದು ವರ್ಷದ ಮಗು ಅದನ್ನು ಹೊಸಬನಂತೆ ನೋಡಿದರೆ ಮಗುವನ್ನು ಗದರಿಸಿ ಫಲವೇನು?

ಎರಡನೆಯ ಕಾರಣವು ಬೆಳೆಗೆ ಸೇರಿದುದು. ಸಬ್ಬಸಿಗೆ ಚಳಿಗಾಲವನ್ನು ಮೆಚ್ಚುವ ಪೈರು. ಐದಾರು ವಾರಗಳ ಎಳೆಯ ಸೊಪ್ಪು ಮೃದುವಾಗಿಯೂ ಸೌಮ್ಯವಾಗಿಯೂ ಇರುತ್ತದೆ. ಬಿಸಿಲು ಏರಿದೊಡನೆ ಗಿಡವು ಕಾವೆತ್ತಿ ಹೂವಿಗೆ ಬರುವುದು. ಆಗ ಕಡ್ಡಿ ನಾರಾಗಿ ವಾಸನೆ ಕಟುವಾಗುವುದು. ತೂಕ ಹೆಚ್ಚಾಗಲೆಂದು ಬಲಿತ ಮೇಲೆ ಕೀಳುವವರೂ, ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮರುದಿನ ಮಾರುವವರೂ ಇದ್ದಾರೆ. ಅಂತಹ ಕಂತೆಯನ್ನು ಒಮ್ಮೆ ಕೊಂಡವರು ಇನ್ನು ಹತ್ತು ವರ್ಷ ಸಬ್ಬಸಿಗೆಯ ಹೆಸರೆತ್ತುವುದಿಲ್ಲ. ಅವರು ಒಲ್ಲೆವೆಂದುದು ಬಲಿತ ಕಡ್ಡಿಯನ್ನು. ಅಪವಾದ ಬಂದುದು ಸೊಪ್ಪಿಗೆ. ಎಳೆಯದಾಗಿ ಕಿತ್ತು ಅದೇ ದಿನ ಮಾರುವ ಬೆಳೆಗಾರನಿಗೆ ತೂಕದಲ್ಲಿ ನಷ್ಟವಾದರೂ ಗಿರಾಕಿಗಳು ಉಳಿಯುತ್ತಾರೆ. ಮೆಂತ್ಯದ ಸೊಪ್ಪಿನ ಕಹಿಯ ವಿಷಯದಲ್ಲಿಯೂ ಇದೇ ಮಾತು ಸಲ್ಲುವುದರಿಂದ ಅದನ್ನು ವಿಸ್ತರಿಸಬೇಕಾಗಿಲ್ಲ.

ದೊಡ್ಡಪತ್ರೆಯನ್ನು ಯಾರೂ ದ್ವೇಷಿಸುವುದಿಲ್ಲ. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಗುವಿಗೆ ಕೆಮ್ಮು ಬಂದಾಗ ಎರಡು ಎಲೆಯನ್ನು ಬಾಡಿಸಿ ರಸ ಹಿಂಡುವುದಕ್ಕೂ, ವರ್ಷಕ್ಕೆ ಒಂದೆರಡು ಸಲ ತಂಬುಳಿ ಮಾಡುವುದಕ್ಕೂ ಬೇಲಿಯ ಬದಿಯಲ್ಲಿ ಬಿದ್ದಿರುತ್ತದೆ. ಅದೇ ಮನೆಯವರು ಪಿಜ್ಜಾ ಎಂಬ ಇಟಲಿಯ ರೊಟ್ಟಿಯ ಮೇಲೆ ಉದುರಿಸುವುದಕ್ಕಾಗಿ ಒರೆಗಾನೋ ಎಂಬ ಒಣಸೊಪ್ಪಿನ ಸೀಸೆಯನ್ನು ಅಂಗಡಿಯಿಂದ ತರುತ್ತಾರೆ. ಒರೆಗಾನೋವಿನ ಪರಿಮಳಕ್ಕೆ ಮುಖ್ಯ ಕಾರಣವಾದ ಕಾರ್ವಕ್ರಾಲ್ ಎಂಬ ದ್ರವ್ಯವೇ ದೊಡ್ಡಪತ್ರೆಯಲ್ಲಿಯೂ ಇದೆ; ಓಮದಲ್ಲಿರುವ ಥೈಮಾಲ್ ಅದರ ಒಡಹುಟ್ಟು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಈ ಗಿಡಕ್ಕಾಗಿಯೇ ಕಟ್ಟಿದಂತಿದೆ. ಒಂದು ತುಂಡು ಕಡ್ಡಿಯನ್ನು ಮರಳುಮಣ್ಣಿನ ಕುಂಡದಲ್ಲಿ ಊರಿದರೆ ಬೇರೂರುವುದು. ನೀರು ಹೆಚ್ಚಾದರೆ ಮಾತ್ರ ಕೊಳೆಯುವುದು. ಮಹಡಿಯ ಅಂಚಿನಲ್ಲಿ ಅರೆನೆರಳು ಬೀಳುವ ಕಡೆ ಇದನ್ನು ಇಡದಿರುವುದಕ್ಕೆ ಯಾವ ನೆಪವೂ ಇಲ್ಲ.

ಇಂಗಿನ ವಿಷಯವು ಬೇರೆ. ಇಂಗು ತೆಂಗು ಇದ್ದರೆ ಮಂಗವೂ ಅಡಿಗೆಮಾಡುವುದೆಂಬ ಗಾದೆಯನ್ನು ಕಟ್ಟಿದ ಜನರೇ ಇಂಗಿನ ಗಿಡವನ್ನು ಕಂಡವರಲ್ಲ. ಅದು ಇರಾನು, ಆಫ್ಘಾನಿಸ್ಥಾನಗಳ ಒಣ ಚಳಿಯ ಬೆಟ್ಟಗಳಲ್ಲಿ ಬೆಳೆಯುವ ಗಿಡದ ಬೇರಿನಿಂದ ಒಸರುವ ಹಾಲು. ಭಾರತವು ವರ್ಷಕ್ಕೆ ಸುಮಾರು 1,200 ಟನ್ನುಗಳಷ್ಟು ಹಸಿ ಇಂಗನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತಿದ್ದಿತು. 2020ನೆಯ ಅಕ್ಟೋಬರ್ ತಿಂಗಳಿನಲ್ಲಿ ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ಸಂಸ್ಥೆಯವರು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಕ್ವಾರಿಂಗ್ ಎಂಬ ಗ್ರಾಮದಲ್ಲಿ ಇದರ ಸಸಿಗಳನ್ನು ನೆಡಿಸಿ ಸಾಗುವಳಿಗೆ ಆರಂಭಮಾಡಿದರು. ಹಾಲು ಒಸರುವುದಕ್ಕೆ ಸುಮಾರು ಐದು ವರ್ಷ ಬೇಕಾಗುವ ಗಿಡವಾದುದರಿಂದ ಇದು ಅವಸರದವರ ಬೆಳೆಯಲ್ಲ. ಮೈಸೂರಿನ ಹವೆಗಂತೂ ಹೊಂದತಕ್ಕದ್ದಲ್ಲ. ಪೇಟೆಯಲ್ಲಿ ಇಂಗೆಂದು ಮಾರುವುದರಲ್ಲಿ ಹೆಚ್ಚುಭಾಗ ಹಿಟ್ಟೂ ಅಂಟೂ ಬೆರೆತ ಕೂಟಿಂಗು. ಹಸಿ ಇಂಗು ಅತಿ ತೀಕ್ಷ್ಣವಾದುದರಿಂದ ಹೀಗೆ ಬೆರೆಸುವುದು ತಪ್ಪಲ್ಲ. ಎಷ್ಟು ಬೆರೆಸಿದೆಯೆಂಬುದೇ ಪ್ರಶ್ನೆ. ಪರಿಮಳ ಸಾಲದೆ ಎರಡು ಚಿಟಿಕೆಗೆ ಬದಲು ಅರ್ಧ ಚಮಚ ಹಾಕಿ, ಹಿಟ್ಟು ಸೀದ ವಾಸನೆಯನ್ನು ಇಂಗಿನ ವಾಸನೆಯೆಂದು ತಿಳಿದು ಇಂಗನ್ನೇ ಬೈಯುವವರು ಉಂಟು.

ಮೆಣಸು ಮೆಣಸಿನಕಾಯಿಗಳ ಪೈಕಿ ಯಾವುದನ್ನು ಮೆಚ್ಚಬೇಕೆಂಬ ವಿಷಯದಲ್ಲಿ ಕನ್ನಡ ಭಾಷೆಯೇ ತೀರ್ಪು ಕೊಟ್ಟಿದೆ. ಮೊದಲಿನಿಂದ ಇಲ್ಲಿದ್ದುದು ಒಳ್ಳೆಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಮೆಣಸಿನ ರಾಣಿಯೆಂದು ಕರೆದುದು ಈ ಬಳ್ಳಿಯ ಫಸಲಿನಿಂದಲೇ. ಅದೇ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕ ಖಂಡದ ಗಿಡವೊಂದು ಬಂದಿಳಿದಾಗ, ಅದಕ್ಕೆ ಹೊಸ ಹೆಸರನ್ನು ಕಟ್ಟದೆ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಸಾಲದ ಹೆಸರಿನಿಂದ ಬಂದವನು ಮನೆಯ ಯಜಮಾನನಾದನು. ಬ್ಯಾಡಗಿಯ ಮೆಣಸಿನಕಾಯಿಯು ಖಾರದಲ್ಲಿ ಸೌಮ್ಯವಾಗಿಯೂ ಬಣ್ಣದಲ್ಲಿ ಗಾಢವಾಗಿಯೂ ಇದ್ದು, 2011ರಲ್ಲಿ ಭೌಗೋಳಿಕ ಗುರುತನ್ನು ಪಡೆದಿದೆ. ಸಾರಿನ ಪುಡಿಗೆ ಇದಕ್ಕೆ ಸಮನಾದುದಿಲ್ಲ. ಆದರೆ ಬರಿಯ ಖಾರವನ್ನೇ ರುಚಿಯೆಂದು ಭ್ರಮಿಸಿ ಕಣ್ಣೀರು ಬರುವಂತೆ ಮಾಡುವ ಅಡಿಗೆಯನ್ನು ಮೆಚ್ಚತಕ್ಕದ್ದಿಲ್ಲ. ಈಚಿನ ವರ್ಷಗಳಲ್ಲಿ ಕರ್ನಾಟಕವು ಮೆಣಸಿನ ಉತ್ಪತ್ತಿಯಲ್ಲಿ ಕೇರಳವನ್ನೂ ಹಿಂದೆಹಾಕಿರುವಾಗ, ಮೆಣಸಿನ ಸಾರನ್ನು ಶೀತದ ದಿನಗಳಿಗೆ ಮಾತ್ರ ಮೀಸಲಾಗಿಡುವುದು ಸರಿಯಲ್ಲ. ಅಡ್ಡರೆಂಬೆಯಿಂದ ಬೇರುಬಿಡಿಸಿದ ಪೊದೆಮೆಣಸಿನ ಗಿಡವು ಕುಂಡದಲ್ಲಿಯೂ ಕಾಯಿಬಿಡುವುದರಿಂದ ಗೋಕುಲಂನ ಮನೆಗಳಲ್ಲಿ ನೆರಳಿರುವ ಕಡೆ ಇದನ್ನು ಪರೀಕ್ಷಿಸಿ ನೋಡಬಹುದು.

ಎಲ್ಲಕ್ಕಿಂತಲೂ ಕಡೆಯ ಸ್ಥಾನಕ್ಕೆ ತಕ್ಕುದು ಯಾವ ಗಿಡವೂ ಅಲ್ಲ, ಹಳಸಿದ ಪುಡಿ. ಧನಿಯವಾಗಲಿ ಜೀರಿಗೆಯಾಗಲಿ ಇಡಿಯಾಗಿದ್ದಾಗ ತನ್ನ ತೈಲವನ್ನು ಸಿಪ್ಪೆಯೊಳಗೆ ಕಾಪಾಡಿಕೊಳ್ಳುತ್ತದೆ. ಪುಡಿಯಾದ ದಿನದಿಂದ ತೈಲವು ಗಾಳಿಗೆ ಹೋಗುತ್ತಿರುತ್ತದೆ. ಆರು ತಿಂಗಳು ಅಂಗಡಿಯಲ್ಲಿಯೂ ಆರು ತಿಂಗಳು ಅಡಿಗೆಮನೆಯಲ್ಲಿಯೂ ಕಳೆದ ಪುಡಿಯಲ್ಲಿ ಬಣ್ಣವುಳಿಯಬಹುದು, ಸಾರಂಶವುಳಿಯದು. ಇದಲ್ಲದೆ ಪುಡಿಯಲ್ಲಿ ಬೆರಕೆಯನ್ನು ಕಂಡುಹಿಡಿಯುವುದು ಗೃಹಿಣಿಯ ಕಣ್ಣಿಗೆ ಸಾಧ್ಯವಿಲ್ಲ. ಇಡಿ ಮೆಣಸಿನಲ್ಲಿ ಪರಂಗಿಯ ಬೀಜ ಸೇರಿದ್ದರೆ ನೀರಿಗೆ ಹಾಕಿದಾಗ ತೇಲಿ ಬಯಲಾಗುವುದು; ಪುಡಿಯಲ್ಲಿ ಆ ಉಪಾಯವೂ ಇಲ್ಲ. 2024ರ ಏಪ್ರಿಲ್ ತಿಂಗಳಿನಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳ ಅಧಿಕಾರಿಗಳು ಭಾರತದ ಕೆಲವು ಸಿದ್ಧ ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಧೂಪದ ಅಂಶವು ಕಂಡುಬಂದಿತೆಂದು ಅವುಗಳನ್ನು ಅಂಗಡಿಗಳಿಂದ ಹಿಂದಕ್ಕೆ ಪಡೆಯುವಂತೆ ಆಜ್ಞಾಪಿಸಿದರು. ಸೂಕ್ಷ್ಮಜೀವಿಗಳನ್ನು ಕೊಲ್ಲಲು ಉಪಯೋಗಿಸುವ ಈ ಅನಿಲವು ಅರ್ಬುದಕಾರಕವೆಂದು ಗಣಿಸಲ್ಪಟ್ಟಿದೆ. ಬೆಳೆಯನ್ನು ನೆಲದ ಮೇಲೆ ಒಣಗಿಸಿ ಧೂಳು ತೇವಗಳಿಗೆ ಗುರಿಮಾಡದೆ, ಶುಭ್ರವಾದ ಗಾರೆಯ ಕಣದಲ್ಲಿಯೋ ಹೊದಿಕೆಯ ಮೇಲೆಯೋ ಚೆನ್ನಾಗಿ ಒಣಗಿಸಿದರೆ ಇಂತಹ ಧೂಪದ ಅವಶ್ಯಕತೆ ಬಹುಮಟ್ಟಿಗೆ ತಪ್ಪುವುದು. ಒಣಗಿಸುವ ಶ್ರಮಕ್ಕೆ ಪೇಟೆಯು ಬೆಲೆ ಕೊಡದಿದ್ದಲ್ಲಿ ರೈತನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಕೊಳ್ಳುವವರು ಇಡಿ ಸಂಬಾರವನ್ನು ಕೊಂಡು, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಹುರಿದು ಪುಡಿಮಾಡಿಕೊಳ್ಳುವ ಹಳೆಯ ಕ್ರಮಕ್ಕೆ ಹಿಂದಿರುಗುವುದಾದರೆ ಹಸನಾದ ಕಾಳಿಗೂ ಕಸಕಾಳಿಗೂ ಇರುವ ವ್ಯತ್ಯಾಸವು ಅವರ ಕೈಗೇ ತಿಳಿಯುವುದು.

ಸಬ್ಬಸಿಗೆಯನ್ನು ಒಲ್ಲದ ಮನೆಯವರು ಮುಂದಿನ ಚಳಿಗಾಲದಲ್ಲಿ ಒಂದು ಪರೀಕ್ಷೆ ಮಾಡಿನೋಡಬಹುದು. ಕಾರ್ತಿಕ ಮಾಸದಲ್ಲಿ ಆರಡಿ ಉದ್ದ ಮೂರಡಿ ಅಗಲದ ಒಂದು ಪಾತಿಯನ್ನಾಗಲಿ, ಅದಿಲ್ಲದಿದ್ದರೆ ಮಹಡಿಯ ಮೇಲೆ ಅಗಲವಾದ ಒಂದು ತೊಟ್ಟಿಯನ್ನಾಗಲಿ ಹದಮಾಡಿ, ಬೀಜವನ್ನು ಮರಳಿನೊಡನೆ ಬೆರೆಸಿ ತೆಳುವಾಗಿ ಎರಚಿ, ಬೆರಳುಗುರಿನಷ್ಟು ಮಾತ್ರ ಮಣ್ಣು ಮುಚ್ಚಬೇಕು. ಪಕ್ಕದಲ್ಲಿಯೇ ಒಂದು ಸಾಲು ಧನಿಯವನ್ನು ಎರಡಾಗಿ ಒಡೆದು, ರಾತ್ರಿ ನೆನೆಸಿ ಬಿತ್ತಬಹುದು. ಹೂಜಿಯ ಸಣ್ಣ ಕಣ್ಣುಗಳಿಂದ ದಿನಕ್ಕೊಮ್ಮೆ ನೀರು ಕೊಟ್ಟರೆ ಸಾಕು. ಮಾರ್ಗಶಿರ ಕಳೆಯುವುದರೊಳಗಾಗಿ, ಪೇಟೆಗೆ ಸೊಗಡಿನ ಅವರೆಕಾಯಿ ಬರುವ ಹೊತ್ತಿಗೆ, ಸೊಪ್ಪು ಗೇಣುದ್ದ ಬೆಳೆದು ಕೊಯ್ಲಿಗೆ ಸಿದ್ಧವಾಗಿರುವುದು.